ದೀಪದಲ್ಲಿರುವುದು ಯಾರ ಎಣ್ಣೆ?

ಇಂಧನ ಉಳಿತಾಯದ ಜಾಗೃತಿ ಅಭಿಯಾನಗಳಿಗೆ ನಮ್ಮಲ್ಲಿ ಒಂದು ಸಿದ್ಧ ರೂಪ ಬಂದುಬಿಟ್ಟಿದೆ. 1991ರಿಂದ ಪ್ರತಿ ವರ್ಷ ಡಿಸೆಂಬರ್ 14ನ್ನು ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನವೆಂದು ಆಚರಿಸಲಾಗುತ್ತಿದೆ. ಮಾರ್ಚ್ ತಿಂಗಳ ಕೊನೆಗೆ 'ಅರ್ಥ್ ಅವರ್' ಬರುತ್ತದೆ. ಶಾಲಾ ಮಕ್ಕಳು ಫಲಕ ಹಿಡಿದು ಬಿಸಿಲಲ್ಲಿ ಜಾಥಾ ಹೊರಡುತ್ತಾರೆ. ಅತಿಥಿಗಳು ಹಸಿರು ನಿಶಾನೆ ತೋರಿಸುತ್ತಾರೆ. ಪ್ರತಿಜ್ಞೆ ಬೋಧಿಸಲಾಗುತ್ತದೆ. ರಾತ್ರಿ ಒಂದು ಗಂಟೆ ದೀಪ ಆರಿಸಿ, ಮೇಣದ ಬತ್ತಿ ಹಚ್ಚಿ, ಫೋಟೋ ತೆಗೆಸಿಕೊಳ್ಳಲಾಗುತ್ತದೆ. ಊರಿನ ಸಂಘ ಸಂಸ್ಥೆಗಳು, ವ್ಯಾಪಾರಿಗಳು, ಮಸೀದಿ ಜಮಾಅತ್‌ಗಳು, ದೇವಸ್ಥಾನ ಸಮಿತಿಗಳು ಕೈಜೋಡಿಸಿದರೆ ಮರುದಿನದ ವರದಿಗೆ ಇನ್ನಷ್ಟು ಕಳೆ ಬರುತ್ತದೆ.

ಒಂದು ಸಮುದಾಯ ತನ್ನ ಮನೆಯಂಗಳದ ಸಮಸ್ಯೆಗಳಾಚೆಗೆ ನೋಡಿ ಎಲ್ಲರಿಗೂ ಸೇರಿದ ಕೆಲಸವೊಂದಕ್ಕೆ ಹೆಗಲು ಕೊಡುವುದು ಸಂತೋಷದ ವಿಷಯ. ಮುಸ್ಲಿಮರೆಂದರೆ ಮೀಸಲಾತಿ, ವಕ್ಫ್, ವೈಯಕ್ತಿಕ ಕಾನೂನು ಎಂಬಷ್ಟಕ್ಕೇ ಸೀಮಿತಗೊಳಿಸಿ ನೋಡುವ ಈ ಕಾಲದಲ್ಲಂತೂ ಇಂತಹ ಪಾಲ್ಗೊಳ್ಳುವಿಕೆ ಅಗತ್ಯವೂ ಹೌದು. ಆದ್ದರಿಂದ ಯಾರ ಸದುದ್ದೇಶವನ್ನೂ ನಾವಿಲ್ಲಿ ಶಂಕಿಸುತ್ತಿಲ್ಲ. ಆದರೆ ಸದುದ್ದೇಶವಿದ್ದ ಮಾತ್ರಕ್ಕೆ ಒಂದು ಅಭಿಯಾನ ವಿಮರ್ಶೆಗೆ ಅತೀತವಾಗುವುದಿಲ್ಲ. ಅದು ಯಾರೊಡನೆ ಮಾತಾಡುತ್ತಿದೆ, ಯಾರೊಡನೆ ಮಾತಾಡಲು ಹಿಂಜರಿಯುತ್ತಿದೆ, ಅದರ ಲೆಕ್ಕ ಎಷ್ಟು ಸರಿ ಎಂದು ಕೇಳಬೇಕಾಗುತ್ತದೆ. ಈ ಪ್ರಶ್ನೆಗಳನ್ನು ಹೊನ್ನಾವರ ತಾಲ್ಲೂಕಿನ ಇಡಗುಂಜಿಯಂತಹ ಊರಿನಲ್ಲಿ ನಿಂತು ಕೇಳುವುದು ಹೆಚ್ಚು ಸೂಕ್ತ. ಏಕೆಂದರೆ ರಾಜ್ಯದ ಬೆಳಕಿಗೆ ಬೆಲೆ ತೆತ್ತ ಸೀಮೆ ಇದು.

ಶರಾವತಿ ಕಡಲು ಸೇರುವುದು ಹೊನ್ನಾವರದಲ್ಲಿ. ಅದೇ ನದಿಯ ದಂಡೆ ಹಿಡಿದು ಮೇಲೆ ಹೋದರೆ ಗೇರುಸೊಪ್ಪ ಸಿಗುತ್ತದೆ. ಹದಿನಾರನೇ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿಯ ಕಾಲಕ್ಕೆ ಕಾಳುಮೆಣಸಿನ ವ್ಯಾಪಾರದಿಂದ ಹೆಸರಾಗಿದ್ದ ಈ ಊರು ಇಂದು ಹೆಸರಾಗಿರುವುದು 240 ಮೆಗಾವಾಟ್‌ನ ವಿದ್ಯುದಾಗಾರದಿಂದ. ಅದಕ್ಕೂ ಮೇಲೆ 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ, 1948ರಲ್ಲಿ ಆರಂಭವಾದ ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಇವೆ. ಒಂದೇ ನದಿಯಿಂದ 1400 ಮೆಗಾವಾಟ್‌ಗೂ ಹೆಚ್ಚಿನ ಸಾಮರ್ಥ್ಯವನ್ನು ಹಿಂಡಲಾಗಿದೆ. ಉತ್ತರ ಕನ್ನಡ ಜಿಲ್ಲೆಯೊಳಗೇ ಕಾಳಿ ನದಿಗೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಯೋಜನೆಗಳಿವೆ. 220 ಮೆಗಾವಾಟ್‌ನ ನಾಲ್ಕು ಘಟಕಗಳ ಕೈಗಾ ಅಣುಸ್ಥಾವರವಿದೆ. ಸಾಲದೆಂಬಂತೆ 2000ದ ದಶಕದಲ್ಲಿ ಕುಮಟಾ ತಾಲ್ಲೂಕಿನ ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ತರುವ ಪ್ರಸ್ತಾಪವೂ ಬಂದಿತ್ತು. ಮೀನುಗಾರರು, ರೈತರು, ವಿಜ್ಞಾನಿಗಳು ಎಲ್ಲ ಸೇರಿ ವಿರೋಧಿಸಿದ್ದರಿಂದ ಅದು ಕೈಬಿಟ್ಟುಹೋಯಿತು. ಅಂದು ಉಳಿದುಕೊಂಡ ಅಘನಾಶಿನಿ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವಾಗಿ ಘೋಷಿತವಾಯಿತು.

ಇಷ್ಟೆಲ್ಲ ವಿದ್ಯುತ್ ಹುಟ್ಟುವ ಸೀಮೆಯಲ್ಲೇ ಮಳೆಗಾಲ ಬಂತೆಂದರೆ ತಂತಿಯ ಮೇಲೆ ಮರ ಬಿದ್ದು ಹಳ್ಳಿಗಳು ಕತ್ತಲಲ್ಲಿ ಕೂರುವುದು ಹೊಸ ಸುದ್ದಿಯೇನಲ್ಲ. ಲೈನ್‌ಮನ್ ಬರುವುದನ್ನೇ ಕಾಯುತ್ತಾ ಕುಳಿತ ಊರಿಗೆ ಬಂದು ಒಂದು ಗಂಟೆ ದೀಪ ಆರಿಸಿ ಎಂದರೆ, ಕೇಳಿದವರು ನಗದೆ ಇದ್ದರೆ ಅದು ಅವರ ದೊಡ್ಡತನ.

ಲೆಕ್ಕ ಏನು ಹೇಳುತ್ತದೆ?

ಅರ್ಥ್ ಅವರ್ ಆರಂಭವಾದದ್ದು 2007ರ ಮಾರ್ಚ್ 31ರಂದು, ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ. ಆ ರಾತ್ರಿ 22 ಲಕ್ಷ ಜನ ಪಾಲ್ಗೊಂಡರೆಂದು ಸಂಘಟಕರು ಹೇಳಿದರು. ಭಾರತ ಸೇರಿದ್ದು 2009ರಲ್ಲಿ. ಆಗ ನಟ ಆಮಿರ್ ಖಾನ್ ಅದರ ರಾಯಭಾರಿಯಾಗಿದ್ದರು. ಅಂದಿನಿಂದ ಪ್ರತಿ ವರ್ಷ ಮರುದಿನ ಇಷ್ಟು ಮೆಗಾವಾಟ್ ಉಳಿಯಿತು ಎಂಬ ಸುದ್ದಿ ಬರುತ್ತದೆ. 2024ರಲ್ಲಿ ದೆಹಲಿಯಲ್ಲಿ 206 ಮೆಗಾವಾಟ್ ಉಳಿಯಿತೆಂದು ವರದಿಯಾಗಿತ್ತು.

ಇಲ್ಲಿ 'ಉಳಿಯಿತು' ಎಂಬ ಪದವನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ವಿದ್ಯುತ್ತನ್ನು ಅಕ್ಕಿಯಂತೆ ಮೂಟೆ ಕಟ್ಟಿ ಇಡಲಾಗದು. ಬೇಡಿಕೆ ಎಷ್ಟಿದೆಯೋ ಅಷ್ಟನ್ನು ಆ ಕ್ಷಣಕ್ಕೆ ಉತ್ಪಾದಿಸಬೇಕು. ಕಲ್ಲಿದ್ದಲು ಸ್ಥಾವರದ ಬಾಯ್ಲರನ್ನು ಒಂದು ಗಂಟೆಗೆಂದು ಆರಿಸಿ ಮತ್ತೆ ಹೊತ್ತಿಸಲು ಬರುವುದಿಲ್ಲ. 2020ರ ಏಪ್ರಿಲ್ 5ರಂದು ಪ್ರಧಾನಿಯವರ ಕರೆಯ ಮೇರೆಗೆ ದೇಶ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸಿದಾಗ ಬೇಡಿಕೆ ಸುಮಾರು 31 ಸಾವಿರ ಮೆಗಾವಾಟ್‌ನಷ್ಟು ಕುಸಿಯಿತು. ಗ್ರಿಡ್ ಬೀಳದಂತೆ ನೋಡಿಕೊಳ್ಳಲು ಎಂಜಿನಿಯರುಗಳು ಮುಂಚಿತವಾಗಿ ಸಿದ್ಧತೆ ಮಾಡಿಕೊಂಡಿದ್ದರು. ಜಲವಿದ್ಯುತ್ ಘಟಕಗಳನ್ನು ಸರಸರನೆ ಇಳಿಸಿ, ಮತ್ತೆ ಏರಿಸಿ ಸಂಭಾಳಿಸಿದರು. ಎಲ್ಲರೂ ಒಟ್ಟಿಗೆ ಸ್ವಿಚ್ ಒತ್ತುವುದು ಒಗ್ಗಟ್ಟಿನ ಪ್ರದರ್ಶನವಾದೀತು, ಉಳಿತಾಯವಾಗಬೇಕೆಂದೇನೂ ಇಲ್ಲ ಎಂಬುದನ್ನು ಆ ರಾತ್ರಿ ತೋರಿಸಿಕೊಟ್ಟಿತು.

ಮನೆಯ ಮಟ್ಟದಲ್ಲೇ ಲೆಕ್ಕ ಹಾಕೋಣ. ಒಂದು ಮನೆಯಲ್ಲಿ 9 ವಾಟ್‌ನ ಐದು ಎಲ್‌ಇಡಿ ಬಲ್ಬುಗಳಿವೆ ಎಂದಿಟ್ಟುಕೊಳ್ಳಿ. ಅವನ್ನು ಒಂದು ಗಂಟೆ ಆರಿಸಿದರೆ ಉಳಿಯುವುದು 45 ವಾಟ್-ಗಂಟೆ. ಒಂದು ಯೂನಿಟ್ ಎಂದರೆ 1000 ವಾಟ್-ಗಂಟೆ. ಅಂದರೆ ಆ ಮನೆಯವರು ಒಂದು ಯೂನಿಟ್ ಉಳಿಸಲು ಇಪ್ಪತ್ತೆರಡು ವರ್ಷಗಳ ಕಾಲ ಪ್ರತಿ ವರ್ಷ ತಪ್ಪದೆ ಅರ್ಥ್ ಅವರ್ ಆಚರಿಸಬೇಕು. ಇನ್ನು ಅದೇ ಮನೆಯ ಹಳೆಯ ಸೀಲಿಂಗ್ ಫ್ಯಾನನ್ನು ನೋಡಿ. ಅದು ಸುಮಾರು 75 ವಾಟ್ ತಿನ್ನುತ್ತದೆ. ಈಗ ಬರುವ ಬಿಎಲ್‌ಡಿಸಿ ಫ್ಯಾನುಗಳಿಗೆ ಸುಮಾರು 30 ವಾಟ್ ಸಾಕು. ನಮ್ಮ ಕರಾವಳಿಯ ಸೆಕೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಫ್ಯಾನ್ ತಿರುಗುವುದು ಹೆಚ್ಚೇನೂ ಅಲ್ಲ. ಆ ಒಂದು ಫ್ಯಾನನ್ನು ಬದಲಿಸಿದರೆ ದಿನಕ್ಕೆ 540 ವಾಟ್-ಗಂಟೆ ಉಳಿಯುತ್ತದೆ. ಹನ್ನೆರಡು ವರ್ಷಗಳ ದೀಪ ಆರಿಸುವ ಕಾರ್ಯಕ್ರಮಗಳಲ್ಲಿ ಉಳಿಯುವಷ್ಟನ್ನು ಆ ಫ್ಯಾನು ಒಂದೇ ದಿನದಲ್ಲಿ ಉಳಿಸಿಕೊಡುತ್ತದೆ, ಯಾವ ಭಾಷಣವೂ ಇಲ್ಲದೆ.

ಇದು ಒಂದು ಗಂಟೆಯ ಸಾಂಕೇತಿಕ ಕಾರ್ಯಕ್ರಮ, ಇಷ್ಟೊಂದು ಲೆಕ್ಕವೇಕೆ ಎಂದು ಕೆಲವರು ಕೇಳಬಹುದು. ಸಂಕೇತಕ್ಕೆ ಖಂಡಿತ ಬೆಲೆಯಿದೆ. ಆದರೆ ಸಂಕೇತ ನಾಳೆಯ ಕೆಲಸಕ್ಕೆ ಮುನ್ನುಡಿಯಾಗಬೇಕು. ನಾವು ನೋಡುವ ಬಹುತೇಕ ಕಾರ್ಯಕ್ರಮಗಳಲ್ಲಿ ಮುನ್ನುಡಿಯೇ ಪುಸ್ತಕವಾಗಿಬಿಡುತ್ತದೆ. ಒಂಬತ್ತೂವರೆಗೆ ದೀಪ ಹೊತ್ತಿದ ಬಳಿಕ ಯಾರ ಮನೆಯಲ್ಲಿ ಏನು ಬದಲಾಯಿತೆಂದು ಕೇಳುವವರಿಲ್ಲ.

ನಿಜವಾದ ಬದಲಾವಣೆ ಹೇಗೆ ಬರುತ್ತದೆ ಎಂಬುದಕ್ಕೆ ನಮ್ಮ ಮುಂದೆ ಉದಾಹರಣೆಯಿದೆ. ಎಲ್‌ಇಡಿ ಬಲ್ಬು ಎಲ್ಲರ ಮನೆಗೆ ಬಂದದ್ದು ಜಾಥಾಗಳಿಂದಲ್ಲ. 2014ರ ಆರಂಭದಲ್ಲಿ ಸರಕಾರಿ ಖರೀದಿಯಲ್ಲಿ ಒಂದು ಬಲ್ಬಿಗೆ 310 ರೂಪಾಯಿ ಇತ್ತು. ದೊಡ್ಡ ಪ್ರಮಾಣದಲ್ಲಿ ಒಟ್ಟಿಗೆ ಖರೀದಿಸಿದ್ದರಿಂದ 2016ರ ಹೊತ್ತಿಗೆ ಅದು 38 ರೂಪಾಯಿಗೆ ಇಳಿಯಿತು. 2015ರ ಜನವರಿಯಲ್ಲಿ ದೇಶವ್ಯಾಪಿಯಾದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ನಮ್ಮ ರಾಜ್ಯದಲ್ಲಿ ಅದು 'ಹೊಸ ಬೆಳಕು' ಎಂಬ ಹೆಸರಲ್ಲಿ ಬಂತು. 60 ವಾಟ್‌ನ ಬಲ್ಬಿದ್ದ ಜಾಗಕ್ಕೆ 9 ವಾಟ್‌ನದು ಬಂತು. ಬಡವರಿಗೆ ಉಪದೇಶ ಮಾಡುವ ಬದಲು ಅವರ ಕೈಗೆಟುಕುವ ಬೆಲೆಗೆ ಒಳ್ಳೆಯ ವಸ್ತುವನ್ನು ಕೊಟ್ಟಾಗ ಅವರು ಎರಡನೇ ಬಾರಿ ಹೇಳಿಸಿಕೊಳ್ಳುವುದಿಲ್ಲ.

ಯಾರಿಗೆ ಉಪದೇಶ?

ಈ ಅಭಿಯಾನಗಳ ಘೋಷಣೆಗಳನ್ನು ಒಮ್ಮೆ ಕುಳಿತು ಓದಬೇಕು. ಕೋಣೆಯಿಂದ ಹೊರಬರುವಾಗ ಸ್ವಿಚ್ ಆರಿಸಿ, ಫ್ರಿಜ್ಜಿನ ಬಾಗಿಲು ಪದೇ ಪದೇ ತೆರೆಯಬೇಡಿ, ಮೊಬೈಲ್ ಚಾರ್ಜರ್ ಕಿತ್ತಿಡಿ. ಎಲ್ಲವೂ ಮನೆಯ ಹೆಂಗಸರನ್ನು ಮತ್ತು ಶಾಲಾ ಮಕ್ಕಳನ್ನು ಉದ್ದೇಶಿಸಿದ ಮಾತುಗಳು. ವಿದ್ಯುತ್ ಬಿಲ್ಲನ್ನು ನೋಡಿ ತಿಂಗಳ ಖರ್ಚು ಹೊಂದಿಸುವ ಮನೆಯಲ್ಲಿ ಈ ಪಾಠ ಬಹಳ ಹಿಂದೆಯೇ ಆಗಿಹೋಗಿದೆ. ಅಡಿಕೆ ತೋಟದ ಕೂಲಿಯ ಹೆಂಡತಿಗೆ ಸ್ವಿಚ್ ಆರಿಸಲು ನಾವು ಕಲಿಸಬೇಕಾಗಿಲ್ಲ.

ರಾತ್ರಿಯಿಡೀ ಉರಿಯುವ ಜಾಹೀರಾತು ಫಲಕಗಳು, ಬಾಗಿಲು ತೆರೆದಿಟ್ಟು ಏಸಿ ಹಾಕುವ ಮಳಿಗೆಗಳು, ಹಗಲಲ್ಲೂ ಪರದೆ ಇಳಿಸಿ ದೀಪ ಹಾಕುವ ಕಚೇರಿಗಳು, ಮಧ್ಯಾಹ್ನ ಹನ್ನೆರಡಕ್ಕೂ ಉರಿಯುತ್ತಿರುವ ಬೀದಿದೀಪಗಳು ಇವುಗಳ ಕುರಿತು ಫಲಕಗಳು ಮೌನ. ತಂತಿ ಮತ್ತು ಟ್ರಾನ್ಸ್‌ಫಾರ್ಮರುಗಳಲ್ಲೇ ಸೋರಿಹೋಗುವ ವಿದ್ಯುತ್ತಿನ ಬಗ್ಗೆಯೂ ಮೌನ. ಅಭಿಯಾನದ ಪ್ರಾಯೋಜಕರು, ಅತಿಥಿಗಳು ಹೆಚ್ಚಾಗಿ ಈ ಕಡೆಯವರೇ ಆಗಿರುವುದರಿಂದ ಮೌನಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಇದು ಇಂದು ನಿನ್ನೆಯ ಸ್ವಭಾವವಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಾಗ ಅದು ತೊಂಬತ್ತಕ್ಕೂ ಹೆಚ್ಚು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಕಾವೇರಿ ದಂಡೆಯ ಹಳ್ಳಿಗಳ ಸರದಿ ಇನ್ನೂ ತಡವಾಗಿ ಬಂತು. ಶರಾವತಿಯ ಕಥೆ ಇದಕ್ಕಿಂತ ಕಠಿಣ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಸಾವಿರಾರು ಕುಟುಂಬಗಳ ಮನೆ, ಗದ್ದೆ, ತೋಟ ಮುಳುಗಿದವು. 2025ರ ಜನವರಿಯಲ್ಲಿ ನಮ್ಮನ್ನಗಲಿದ ನಾ. ಡಿಸೋಜರು 'ಮುಳುಗಡೆ', 'ದ್ವೀಪ' ಮುಂತಾದ ಕಾದಂಬರಿಗಳಲ್ಲಿ ಬರೆದದ್ದು ಈ ಜನರ ಬಗ್ಗೆಯೇ. ಗಿರೀಶ್ ಕಾಸರವಳ್ಳಿಯವರು 'ದ್ವೀಪ'ವನ್ನು ಚಲನಚಿತ್ರ ಮಾಡಿ ರಾಷ್ಟ್ರ ಪ್ರಶಸ್ತಿ ಪಡೆದರು. ಕಥೆಗೆ ಪ್ರಶಸ್ತಿ ಬಂತು. ಕಥೆಯಲ್ಲಿದ್ದವರ ಪೈಕಿ ಅನೇಕರು ಜಮೀನಿನ ಹಕ್ಕುಪತ್ರಕ್ಕಾಗಿ ಆರು ದಶಕಗಳ ನಂತರವೂ ಅಲೆಯುತ್ತಿದ್ದಾರೆ. ಹಿನ್ನೀರಿನಿಂದಾಗಿ ದಾರಿ ಕಳೆದುಕೊಂಡ ತುಮರಿ ಭಾಗದ ಜನರಿಗೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಿಕ್ಕಿದ್ದು 2025ರ ಜುಲೈಯಲ್ಲಿ. ರಾಜ್ಯಕ್ಕೆ ಬೆಳಕು ಕೊಟ್ಟವರು ಒಂದು ಸೇತುವೆಗಾಗಿ ಅರವತ್ತು ವರ್ಷ ಲಾಂಚಿನಲ್ಲಿ ದಾಟಿದರು.

ಇಂಧನ ಉಳಿಸಿ ಎನ್ನುವ ಯಾವುದೇ ಮಾತು ಈ ಇತಿಹಾಸದಿಂದ ಆರಂಭವಾಗಬೇಕು. ಕರಡಿ, ಹಿಮಖಂಡ, ಬಿಸಿಯಾಗುತ್ತಿರುವ ಭೂಗೋಳದ ಚಿತ್ರ ತೋರಿಸುವುದು ತಪ್ಪಲ್ಲ. ಆದರೆ ಇಡಗುಂಜಿ, ಮಂಕಿ, ಗೇರುಸೊಪ್ಪದ ಮಕ್ಕಳಿಗೆ ಉತ್ತರ ಧ್ರುವದ ಕರಡಿಯನ್ನು ತೋರಿಸಿ, ಅವರದೇ ನದಿಯ ಕಥೆಯನ್ನು ಹೇಳದಿರುವುದು ವಿಚಿತ್ರ.

ಒಂದು ಕೈಯಲ್ಲಿ ಕೊಟ್ಟು...

ಸರಕಾರದ ನೀತಿಗಳೂ ಅಭಿಯಾನದ ಮಾತುಗಳೂ ಒಂದಕ್ಕೊಂದು ಹೊಂದುತ್ತವೆಯೇ ಎಂಬುದು ಮುಂದಿನ ಪ್ರಶ್ನೆ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯನ್ನು ನಾವು ವಿರೋಧಿಸುವುದಿಲ್ಲ. ಬಡವರ ಮನೆಯ ಬಿಲ್ಲಿನ ಭಾರ ಇಳಿದದ್ದು ಸಣ್ಣ ಸಂಗತಿಯಲ್ಲ. ಆದರೆ ಅದರ ಲೆಕ್ಕಾಚಾರದಲ್ಲಿ ಒಂದು ಲೋಪವಿದೆ. 2022-23ರಲ್ಲಿ ಮನೆಯವರು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದರೋ ಅದಕ್ಕೆ ಶೇಕಡಾ 10 ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ ಉಚಿತ ಕೊಡಲಾಯಿತು. ಅಂದರೆ ತಿಂಗಳಿಗೆ 150 ಯೂನಿಟ್ ಬಳಸುತ್ತಿದ್ದವರಿಗೆ 165 ಯೂನಿಟ್ ಉಚಿತ. ಮಿತವಾಗಿ 40 ಯೂನಿಟ್ ಬಳಸುತ್ತಿದ್ದವರಿಗೆ 44. ಸಣ್ಣ ಬಳಕೆದಾರರಿಗೆ ಅನ್ಯಾಯವಾಗುತ್ತಿದೆ ಎಂದು ಮನವರಿಕೆಯಾದ ಮೇಲೆ 2024ರ ಆರಂಭದಲ್ಲಿ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು ಹತ್ತು ಯೂನಿಟ್ ಹೆಚ್ಚುವರಿಯಾಗಿ ಕೊಡಲು ತೀರ್ಮಾನಿಸಲಾಯಿತು. ಆದರೂ ಮೂಲ ಸ್ವರೂಪ ಬದಲಾಗಲಿಲ್ಲ. ಹಿಂದೆ ಹೆಚ್ಚು ಬಳಸಿದವನಿಗೆ ಹೆಚ್ಚು, ಹಿಂದೆ ಉಳಿಸಿದವನಿಗೆ ಕಡಿಮೆ.

ಇನ್ನು ಈಗ ಉಳಿಸಿದವನಿಗೇನು? ತನ್ನ ಪಾಲಿನ 100 ಯೂನಿಟ್‌ನಲ್ಲಿ 70ನ್ನು ಮಾತ್ರ ಬಳಸಿದರೆ ಉಳಿದ 30ಕ್ಕೆ ಯಾವ ಪ್ರತಿಫಲವೂ ಇಲ್ಲ. ಹಾಗಿರುವಾಗ ಆ ಮನೆಯವರು ಮೂರು ಸಾವಿರ ರೂಪಾಯಿ ಕೊಟ್ಟು ಹೊಸ ಫ್ಯಾನ್ ಏಕೆ ತರುತ್ತಾರೆ? ಇತ್ತ 2024ರಲ್ಲಿ ಬಂದ ಕೇಂದ್ರದ ಸೂರ್ಯಘರ್ ಯೋಜನೆ ಮೂರು ಕಿಲೋವಾಟ್‌ನ ಸೌರಫಲಕಕ್ಕೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಬಿಲ್ಲೇ ಬರದ ಮನೆಯವರು ಉಳಿದ ಹಣ ಹೂಡಿ ಮಾಡಿನ ಮೇಲೆ ಫಲಕ ಹಾಕಿಸುವರೆಂದು ಯಾರು ನಿರೀಕ್ಷಿಸಬಲ್ಲರು? ಉಳಿಸಿದ ಯೂನಿಟ್‌ಗೆ ಸಣ್ಣದೊಂದು ಮೊತ್ತವನ್ನು ಖಾತೆಗೆ ಹಾಕಿದ್ದರೆ, ಅಥವಾ ಹಳೆಯ ಫ್ಯಾನು ಕೊಟ್ಟವರಿಗೆ ಹೊಸದನ್ನು ಕೊಟ್ಟಿದ್ದರೆ, ಅದು ಸಾವಿರ ಜಾಥಾಗಳಿಗಿಂತ ಹೆಚ್ಚು ಕೆಲಸ ಮಾಡುತ್ತಿತ್ತು. ಅಭಿಯಾನ ನಡೆಸುವವರು ಇದನ್ನು ಸರಕಾರದ ಮುಂದೆ ಒಂದು ಬೇಡಿಕೆಯಾಗಿ ಇಡಬೇಕಿತ್ತು. ಮನವಿಪತ್ರಕ್ಕೆ ಬೇಕಾದ ಧೈರ್ಯ ಪ್ರತಿಜ್ಞೆ ಬೋಧಿಸಲು ಬೇಕಾಗುವುದಿಲ್ಲ.

ನಮ್ಮ ಮನೆಯೊಳಗೆ

ಸರಕಾರವನ್ನು ಕೇಳುವವರು ತಮ್ಮನ್ನೂ ಕೇಳಿಕೊಳ್ಳಬೇಕು. ಮುಸ್ಲಿಮ್ ಸಂಘಟನೆಗಳು ಇಂತಹ ಅಭಿಯಾನಕ್ಕೆ ಸೇರಿದಾಗ ಜುಮಾದ ಖುತ್ಬಾದಲ್ಲಿ 'ಇಸ್ರಾಫ್' ಅಂದರೆ ದುಂದುವೆಚ್ಚದ ಕುರಿತು ಮಾತು ಬರುತ್ತದೆ. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿರೆಂಬ ಅರ್ಥದ ಕುರ್‌ಆನ್‌ನ ಆದೇಶವನ್ನು ನೆನಪಿಸಲಾಗುತ್ತದೆ. ರಾತ್ರಿ ಮಲಗುವಾಗ ದೀಪ ಆರಿಸಿರೆಂಬ ಪ್ರವಾದಿ(ಸ)ಯವರ ಮಾತನ್ನೂ ಸೇರಿಸಲಾಗುತ್ತದೆ. ಈ ಎರಡನೆಯದರ ಬಗ್ಗೆ ಸ್ವಲ್ಪ ಪ್ರಾಮಾಣಿಕತೆ ಬೇಕು. ಆ ಹದೀಸ್‌ನಲ್ಲಿ ಹೇಳಿರುವ ಕಾರಣ ಬೆಂಕಿಯ ಅಪಾಯ. ಇಲಿ ಬತ್ತಿಯನ್ನೆಳೆದು ಮನೆಗೆ ಕಿಚ್ಚು ತಾಗಿಸೀತೆಂಬ ಕಾಳಜಿ ಅದು. ಹಳೆಯ ಮಾತೊಂದಕ್ಕೆ ಇಂದಿನ ಚೀಟಿ ಅಂಟಿಸಿದರೆ ಧರ್ಮಕ್ಕೂ ಲಾಭವಿಲ್ಲ, ಪರಿಸರಕ್ಕೂ ಇಲ್ಲ.

ನಮಗೆ ನಿಜವಾಗಿ ಬೇಕಾದ ಮಾತು ಬೇರೆ ಕಡೆ ಇದೆ. ವುಝೂ ಮಾಡುತ್ತಿದ್ದ ಸಅದ್(ರ)ರವರು ನೀರನ್ನು ಹೆಚ್ಚು ಬಳಸುವುದನ್ನು ಕಂಡು ಪ್ರವಾದಿ(ಸ)ಯವರು ಪ್ರಶ್ನಿಸಿದರೆಂದೂ, ವುಝೂವಿನಲ್ಲೂ ದುಂದು ಎಂಬುದಿದೆಯೇ ಎಂದು ಅವರು ಕೇಳಿದಾಗ ಹರಿಯುವ ನದಿಯ ದಂಡೆಯಲ್ಲಿದ್ದರೂ ಇದೆ ಎಂದು ಹೇಳಿದರೆಂದೂ ವರದಿಯಿದೆ. ಇದರ ಸಾರ ಬಹಳ ಹರಿತವಾದದ್ದು. ಯಥೇಚ್ಛವಾಗಿ ಸಿಗುತ್ತದೆ, ಬೆಲೆ ಕೊಡಬೇಕಾಗಿಲ್ಲ ಎಂಬುದು ಪೋಲು ಮಾಡಲು ಪರವಾನಗಿಯಲ್ಲ. ಗೃಹಜ್ಯೋತಿಯ ಉಚಿತ ಯೂನಿಟ್‌ಗಳಿಗೂ, ಗಲ್ಫಿನ ದುಡಿಮೆಯಿಂದ ಕಟ್ಟಿಸಿದ ಮನೆಯ ಏಸಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಭಟ್ಕಳದಿಂದ ಹೊನ್ನಾವರದವರೆಗಿನ ನಮ್ಮ ಊರುಗಳಲ್ಲಿ ಇಂದು ದೊಡ್ಡ ಮನೆಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಹಲವು ವರ್ಷದ ಹೆಚ್ಚಿನ ತಿಂಗಳು ಬೀಗ ಹಾಕಿಯೇ ಇರುತ್ತವೆ. ಒಳಗೆ ಯಾರಿಲ್ಲದಿದ್ದರೂ ಗೇಟಿನ ದೀಪ ಉರಿಯುತ್ತದೆ. ಹಳೆಯ ಹಂಚಿನ ಮನೆಗಳ ಜಗಲಿ, ಒಳಅಂಗಳ, ಎತ್ತರದ ಮಾಡು ಗಾಳಿಯನ್ನು ತಾವೇ ತರುತ್ತಿದ್ದವು. ಈಗಿನ ಕಾಂಕ್ರೀಟು ಮತ್ತು ಗಾಜಿನ ಮನೆಗಳು ಸೆಕೆಯನ್ನು ಒಳಗೆ ಕೂಡಿಹಾಕಿ ಏಸಿಯನ್ನು ಬೇಡುತ್ತವೆ. ಒಂದೂವರೆ ಟನ್ನಿನ ಏಸಿ ಒಂದು ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತೆಗೆದುಕೊಳ್ಳುತ್ತದೆ. 2020ರಿಂದ ಹೊಸ ಏಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ. ಅದನ್ನು 18ಕ್ಕೆ ಇಳಿಸಿ, ಮೇಲೆ ಕಂಬಳಿ ಹೊದ್ದು ಮಲಗುವುದು ಸ್ಥಾನಮಾನದ ಗುರುತಾಗಿಬಿಟ್ಟರೆ ಖುತ್ಬಾ ಯಾರಿಗೆ?

ಮದುವೆ ಮನೆಗಳ ಕಥೆಯೂ ಅಷ್ಟೇ. ವಾರಗಟ್ಟಲೆ ಮೊದಲೇ ಇಡೀ ಕಟ್ಟಡಕ್ಕೆ ಸುತ್ತಿದ ದೀಪದ ಸರಗಳು, ಜನರೇಟರಿನ ಸದ್ದು. ಇದರಲ್ಲಿ ಎಲ್ಲ ಧರ್ಮದವರೂ ಒಬ್ಬರನ್ನೊಬ್ಬರು ಮೀರಿಸುತ್ತಿದ್ದಾರೆ. ಇಡಗುಂಜಿ ಎಂದರೆ ನಾಡಿಗೆ ಮಹಾಗಣಪತಿ ದೇವಸ್ಥಾನದ ಜೊತೆಗೆ ನೆನಪಾಗುವುದು 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ. ಯಕ್ಷಗಾನದ ಬಣ್ಣ, ಕಿರೀಟ, ಎದೆಕಟ್ಟು ಎಲ್ಲವೂ ದೀವಟಿಗೆಯ ಮತ್ತು ಗ್ಯಾಸ್‌ಲೈಟಿನ ಬೆಳಕಿನಲ್ಲಿ ಹೊಳೆದು ಬಂದವು. ಆಗ ಬೆಳಕು ದುಬಾರಿಯಾಗಿತ್ತು. ಆದ್ದರಿಂದ ಎಲ್ಲಿ ಬೇಕೋ ಅಲ್ಲಿ ಮಾತ್ರ ಇಡುತ್ತಿದ್ದರು. ಆ ಕಾಲಕ್ಕೆ ಮರಳೋಣ ಎಂದು ನಾವು ಹೇಳುತ್ತಿಲ್ಲ. ಹಬ್ಬಕ್ಕೆ, ಉರೂಸಿಗೆ, ಜಾತ್ರೆಗೆ ಬೆಳಕು ಬೇಕು. ಆದರೆ ಸಂಭ್ರಮವನ್ನು ವಾಟ್‌ಗಳಲ್ಲಿ ಅಳೆಯುವ ಚಾಳಿ ನಮ್ಮ ಹಿರಿಯರದಲ್ಲ, ಅದು ಈಚಿನದು.

ಅಭಿಯಾನ ರೂಪಿಸುವವರಿಗೂ ಒಂದು ಮಾತು ಹೇಳಬೇಕು. 2023, 2024, 2025 ಈ ಮೂರೂ ವರ್ಷ ಅರ್ಥ್ ಅವರ್ ರಂಜಾನ್ ತಿಂಗಳಲ್ಲೇ ಬಂತು. ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ಎಂದರೆ ಮಸೀದಿಗಳಲ್ಲಿ ತರಾವೀಹ್‌ಗೆ ಜನ ತುಂಬಿರುವ ಹೊತ್ತು. ಸಾವಿರ ಜನ ಒಂದು ಸೂರಿನಡಿ ನಾಲ್ಕು ದೀಪ ಹಾಕಿಕೊಂಡು ನಿಂತಿರುವುದು ಸಾವಿರ ಮನೆಗಳಲ್ಲಿ ದೀಪ ಉರಿಯುವುದಕ್ಕಿಂತ ಎಷ್ಟೋ ಮಿತವ್ಯಯದ್ದು. ಇದನ್ನು ಗಮನಿಸದೆ, ದೀಪ ಆರಿಸಿದವರು ಜಾಗೃತರು, ಆರಿಸದವರು ಹಿಂದುಳಿದವರು ಎಂಬ ಧಾಟಿಯಲ್ಲಿ ಮಾತಾಡುವುದು ಸರಿಯಲ್ಲ. ಹಾಗೆಂದು ಮಸೀದಿಗಳಿಗೆ ರಿಯಾಯಿತಿ ಬೇಕೆಂದೂ ಅಲ್ಲ. ಮಸೀದಿ ಕಮಿಟಿಗಳು ಮಾಡಬೇಕಾದ ಕೆಲಸ ಬೇರೆ ಇದೆ. ವುಝೂಖಾನೆಯ ನಲ್ಲಿಗಳನ್ನು ಸಣ್ಣದು ಮಾಡಿದರೆ ನೀರಿನ ಜೊತೆ ಪಂಪಿನ ವಿದ್ಯುತ್ತೂ ಉಳಿಯುತ್ತದೆ. ನಾಲ್ಕು ಸಾಲಿನ ನಮಾಝಿಗೆ ಇಡೀ ಹಾಲಿನ ಫ್ಯಾನು, ಏಸಿ ಬೇಡ. ವಿಶಾಲವಾದ ತಾರಸಿ ಸೌರಫಲಕಕ್ಕೆ ಹೇಳಿಮಾಡಿಸಿದಂತಿದೆ. ಇದೇ ಮಾತು ದೇವಸ್ಥಾನ, ಚರ್ಚು, ಕಲ್ಯಾಣ ಮಂಟಪಗಳಿಗೂ ಸಲ್ಲುತ್ತದೆ.

ಪಣಕ್ಕಿಟ್ಟಿರುವುದು ಒಂದು ಕಣಿವೆ

ಇಷ್ಟೊಂದು ಖಾರವಾಗಿ ಏಕೆ ಬರೆಯಬೇಕು ಎಂದರೆ, ಉಳಿತಾಯದ ಪ್ರಶ್ನೆ ನಮ್ಮ ಸೀಮೆಯಲ್ಲಿ ಬರಿಯ ಬಿಲ್ಲಿನ ಪ್ರಶ್ನೆಯಾಗಿ ಉಳಿದಿಲ್ಲ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಮುಂದಿಟ್ಟಿದೆ. ಬೇಡಿಕೆ ಕಡಿಮೆಯಿದ್ದಾಗ ಕೆಳಗಿನ ನೀರನ್ನು ಮೇಲಕ್ಕೆತ್ತುವುದು, ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು ಇದರ ವಿಧಾನ. 2000 ಮೆಗಾವಾಟ್ ಪಡೆಯಲು ನೀರೆತ್ತುವಾಗ ಸುಮಾರು 2500 ಮೆಗಾವಾಟ್ ಬೇಕು. ಅಂದರೆ ಇದು ವಿದ್ಯುತ್ತನ್ನು ಹೆಚ್ಚಿಸುವ ಯೋಜನೆಯಲ್ಲ, ಒಂದು ಹೊತ್ತಿನದನ್ನು ಇನ್ನೊಂದು ಹೊತ್ತಿಗೆ ಸಾಗಿಸುವ ಯೋಜನೆ. ಇದಕ್ಕಾಗಿ ಸುರಂಗ ಕೊರೆಯಬೇಕಿರುವುದು ಸಿಂಗಳೀಕಗಳಿಗೆಂದು 2019ರಲ್ಲಿ ಘೋಷಿಸಲಾದ ಶರಾವತಿ ಅಭಯಾರಣ್ಯದ ನೆಲದಲ್ಲಿ. 2025ರಲ್ಲಿ ಗೇರುಸೊಪ್ಪದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದಾಗ ಸುತ್ತಲಿನ ಜನ ತೀವ್ರವಾಗಿ ವಿರೋಧಿಸಿದರು. ಒಮ್ಮೆ ಮುಳುಗಡೆಯನ್ನು ಕಂಡ ಕಣಿವೆ ಇನ್ನೊಮ್ಮೆ ಹೆದರಿದರೆ ಅದನ್ನು ಅಭಿವೃದ್ಧಿ ವಿರೋಧವೆಂದು ತಳ್ಳಿಹಾಕಲಾಗದು.

ಯೋಜನೆಯ ಪರವಾದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಪಾವಗಡದಂತಹ ಕಡೆಗಳ ಸೌರವಿದ್ಯುತ್ ಹಗಲಲ್ಲಿ ಧಾರಾಳವಾಗಿದೆ. ಸೂರ್ಯ ಮುಳುಗಿದ ಮೇಲೆ ಮನೆಮನೆಯಲ್ಲಿ ದೀಪ, ಟಿವಿ, ಪಂಪು, ಏಸಿ ಒಟ್ಟಿಗೆ ಏಳುತ್ತವೆ. ಆ ಕೆಲವು ಗಂಟೆಗಳ ಗರಿಷ್ಠ ಬೇಡಿಕೆಗೆ ಸಂಗ್ರಹ ಬೇಕು ಎಂಬುದು ವಾದ. ಇದರಲ್ಲಿ ಸತ್ಯವಿದೆ. 2023ರಂತೆ ಮಳೆ ಕೈಕೊಟ್ಟ ವರ್ಷ ರಾಜ್ಯ ಎಷ್ಟು ಪರದಾಡಿತೆಂಬುದನ್ನು ಯಾರೂ ಮರೆತಿಲ್ಲ.

ಆದರೆ ಉಳಿತಾಯದ ಅಭಿಯಾನಕ್ಕೆ ನಿಜವಾದ ಕೆಲಸ ಸಿಗುವುದು ಇಲ್ಲಿಯೇ. ಅಣೆಕಟ್ಟು, ಸುರಂಗಗಳನ್ನು ಬೇಡುತ್ತಿರುವುದು ಸಂಜೆಯ ಆ ಕೆಲವು ಗಂಟೆಗಳಾದರೆ, ಆ ಗಂಟೆಗಳ ಬೇಡಿಕೆಯನ್ನು ತಗ್ಗಿಸುವುದು ಕಣಿವೆಯನ್ನು ಉಳಿಸುವ ದಾರಿ. ರಾಜ್ಯದಲ್ಲಿ ಒಂದು ಕೋಟಿ ಮನೆಗಳು ಸಂಜೆ ಹೊತ್ತು ತಲಾ 100 ವಾಟ್ ಕಡಿಮೆ ಮಾಡಿದರೆ 1000 ಮೆಗಾವಾಟ್ ಆಗುತ್ತದೆ. ಅದು ಆ ಯೋಜನೆಯ ಅರ್ಧದಷ್ಟು. 100 ವಾಟ್ ಎಂದರೆ ಎರಡು ಹಳೆಯ ಫ್ಯಾನು ಮತ್ತು ಒಂದು ಹಳೆಯ ಟ್ಯೂಬ್‌ಲೈಟನ್ನು ಬದಲಿಸಿದಷ್ಟೇ. ಬಾವಿಯ ಪಂಪು, ಇಸ್ತ್ರಿ, ವಾಷಿಂಗ್ ಮೆಷಿನ್, ಗ್ರೈಂಡರುಗಳನ್ನು ಬಿಸಿಲಿರುವಾಗಲೇ ಮುಗಿಸಿದರೆ ಇನ್ನಷ್ಟು. ಇದಕ್ಕೆ ಕತ್ತಲಲ್ಲಿ ಕೂರಬೇಕಿಲ್ಲ. ಅರ್ಥ್ ಅವರ್‌ಗೆ ಆಯ್ದುಕೊಂಡ ಹೊತ್ತೂ ಬೇಡಿಕೆ ಹೆಚ್ಚಿರುವ ಸಂಜೆಯದೇ. ಸಂಘಟಕರು ಅಷ್ಟನ್ನೇ ಜನರಿಗೆ ಬಿಡಿಸಿ ಹೇಳಿದ್ದರೂ ಆ ಒಂದು ಗಂಟೆ ಸಾರ್ಥಕವಾಗುತ್ತಿತ್ತು.

ಉಪದೇಶವಿಲ್ಲದೆ ಕೆಲಸ ಮಾಡಿ ತೋರಿಸಿದವರೂ ನಮ್ಮ ನಡುವೆ ಇದ್ದಾರೆ. 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನಿಂದ ಕರಾವಳಿ ಮತ್ತು ಮಲೆನಾಡಿನ ಬಡ ಮನೆಗಳಿಗೆ ಸೌರದೀಪ ತಲುಪಿಸಿತು. ಬೀದಿಬದಿ ವ್ಯಾಪಾರಿಯ ದಿನದ ಸಂಪಾದನೆಗೆ ಹೊಂದುವಂತೆ ಕಂತು ಹೊಂದಿಸಿತು. ಅದರ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವನನ್ನು ಜಾಗೃತಿಯ ಕೊರತೆಯುಳ್ಳವನೆಂದು ನೋಡದೆ ಲೆಕ್ಕ ಬಲ್ಲ ಗ್ರಾಹಕನೆಂದು ನೋಡಿದ್ದು ಅವರ ಯಶಸ್ಸಿನ ಗುಟ್ಟು.

ನಮ್ಮ ಜಮಾಅತ್‌ಗಳಿಗೂ ಸಂಘಟನೆಗಳಿಗೂ ಇದು ಅಸಾಧ್ಯವೇನಲ್ಲ. ಬೈತುಲ್‌ಮಾಲ್‌ನಿಂದ ಬಡ್ಡಿಯಿಲ್ಲದ ಸಾಲ ಕೊಟ್ಟು ಒಂದು ಮೊಹಲ್ಲಾದ ಹಳೆಯ ಫ್ಯಾನುಗಳನ್ನು ಬದಲಿಸಬಹುದು. ಮಸೀದಿಯ, ಶಾಲೆಯ, ಸಂಘದ ಕಚೇರಿಯ ವರ್ಷದ ವಿದ್ಯುತ್ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚಬಹುದು. ಗೇರುಸೊಪ್ಪದವರ ಅಹವಾಲಿಗೆ ಭಟ್ಕಳ, ಕುಮಟಾದವರು ದನಿಗೂಡಿಸಬಹುದು. ಆಗ ಅಭಿಯಾನಕ್ಕೆ ಸೇರಿದೆವೆಂಬ ಮಾತಿಗೆ ತೂಕ ಬರುತ್ತದೆ.

ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್‌ರ ಕುರಿತು ಒಂದು ಪ್ರಸಂಗವನ್ನು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ರಾತ್ರಿ ಸರಕಾರಿ ಕೆಲಸದಲ್ಲಿದ್ದಾಗ ಭೇಟಿಗೆ ಬಂದವರು ಅವರ ಮನೆಯ ಯೋಗಕ್ಷೇಮ ವಿಚಾರಿಸಿದರಂತೆ. ಕೂಡಲೇ ಅವರು ಉರಿಯುತ್ತಿದ್ದ ದೀಪವನ್ನಾರಿಸಿ ತಮ್ಮ ಸ್ವಂತ ದೀಪ ತರಿಸಿದರಂತೆ. ಇದನ್ನು ಮಿತವ್ಯಯದ ಕಥೆಯೆಂದು ಮಕ್ಕಳಿಗೆ ಹೇಳುವ ರೂಢಿಯಿದೆ. ಆದರೆ ಅಲ್ಲಿ ಎಣ್ಣೆ ಉಳಿಯಲಿಲ್ಲ, ಒಂದು ದೀಪ ಆರಿ ಇನ್ನೊಂದು ಹೊತ್ತಿತು. ಕಥೆ ಇರುವುದು ದೀಪದಲ್ಲಿ ಉರಿಯುತ್ತಿರುವುದು ಯಾರ ಎಣ್ಣೆ ಎಂಬ ಪ್ರಶ್ನೆಯಲ್ಲಿ. ನಮ್ಮ ದೀಪಗಳಲ್ಲಿ ಉರಿಯುತ್ತಿರುವುದು ಶರಾವತಿಯ, ಕಾಳಿಯ ನೀರು. ಮುಳುಗಿದ ಗದ್ದೆ ತೋಟಗಳ, ಹಕ್ಕುಪತ್ರವಿಲ್ಲದ ಕುಟುಂಬಗಳ ಎಣ್ಣೆ ಅದು. ಸ್ವಿಚ್ಚಿನ ಮೇಲೆ ಕೈಯಿಡುವಾಗ, ಅದು ಹಾಕಲಿಕ್ಕಿರಲಿ, ಆರಿಸಲಿಕ್ಕಿರಲಿ, ಆ ಋಣ ನೆನಪಾಗುವಂತೆ ಮಾಡುವ ಅಭಿಯಾನ ಬಂದರೆ ಅದರ ಮುಂದಿನ ಸಾಲಿನಲ್ಲಿ ನಾವೂ ಇರುತ್ತೇವೆ.